ಒಂದು ಗಂಟೆಯ ನಗೆಯನ್ನು ನೋಡುವ ಬಗೆ

ಸ್ಟ್ಯಾಂಡಪ್ ಕಾಮಿಡಿಯ ರುಚಿ ಹತ್ತಬೇಕೆಂದಿದ್ದರೆ ದಯವಿಟ್ಟು ರೀಲ್ಸ್‌ನಿಂದ ಶುರುಮಾಡಬೇಡಿ. ಅರ್ಧ ನಿಮಿಷದ ತುಣುಕಿನಲ್ಲಿ ಜೋಕು ಸಿಗುತ್ತದೆ, ಅದಕ್ಕೆ ಹಾಕಿದ ಪಾಯ ಸಿಗುವುದಿಲ್ಲ. ಸ್ಪೆಷಲ್ ಎಂದರೆ ಒಬ್ಬ ಕಲಾವಿದ ಒಂದು ಗಂಟೆಯ ಆಸುಪಾಸಿನಲ್ಲಿ ಕಟ್ಟಿ ನಿಲ್ಲಿಸುವ ಇಡಿಯಾದ ಕೃತಿ. ಶುರುವಿನಲ್ಲಿ ಸುಮ್ಮನೆ ಹೇಳಿ ದಾಟಿಸಿದ ಮಾತೊಂದು ಕೊನೆಯ ಹತ್ತು ನಿಮಿಷದಲ್ಲಿ ಮರಳಿ ಬಂದು ಇಡೀ ಸಭೆಯನ್ನು ಅಲುಗಾಡಿಸುತ್ತದೆ. ಕಸುಬಿನವರು ಇದನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಅದು ದಕ್ಕುವುದು ಪೂರ್ತಿ ಕೂತು ನೋಡಿದವರಿಗೆ ಮಾತ್ರ.

ಅಮೆರಿಕದ ಟಿವಿಯಲ್ಲಿ ಮೊದಲು ಹಾಸ್ಯಗಾರನಿಗೆ ಸಿಗುತ್ತಿದ್ದುದು ಟಾಕ್ ಶೋಗಳ ನಡುವೆ ನಾಲ್ಕಾರು ನಿಮಿಷ. 1975ರ ಡಿಸೆಂಬರ್ 31ರಂದು ಎಚ್‌ಬಿಒ ವಾಹಿನಿ ರಾಬರ್ಟ್ ಕ್ಲೈನ್ ಅವರ ಕಾಲೇಜು ಕಾರ್ಯಕ್ರಮವೊಂದನ್ನು ಇಡಿಯಾಗಿ ತೋರಿಸಿತು. ಆಮೇಲೆ 1979ರಲ್ಲಿ ರಿಚರ್ಡ್ ಪ್ರಯರ್ ಅವರ ‘ಲೈವ್ ಇನ್ ಕನ್ಸರ್ಟ್’ ಸಿನಿಮಾ ಮಂದಿರಗಳಿಗೇ ಬಂತು. ಅದರಲ್ಲಿ ಪ್ರಯರ್ ತಮಗಾದ ಹೃದಯಾಘಾತವನ್ನು ಆಡಿ ತೋರಿಸುತ್ತಾರೆ. ಹೃದಯವೇ ಒಬ್ಬ ರೌಡಿಯಾಗಿ ಅವರನ್ನು ಗದರಿಸುತ್ತದೆ, ಅವರು ಅಂಗಲಾಚುತ್ತಾ ಮಂಡಿಯೂರಿ ಕೊನೆಗೆ ನೆಲಕ್ಕೆ ಬೀಳುತ್ತಾರೆ. ಸಾವಿನ ಭಯವನ್ನು ಇಷ್ಟು ಹತ್ತಿರದಿಂದ ಕಂಡು, ಅದೇ ಹೊತ್ತಿಗೆ ಹೊಟ್ಟೆ ಹುಣ್ಣಾಗುವಂತೆ ನಗುವ ಅನುಭವ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಭಾಷೆ ಬಹಳ ಒರಟು, ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ. ಆದರೆ ಅವರ ಇಂಗ್ಲಿಷಿನ ವೇಗ ಹಿಡಿಯಲಾಗದಿದ್ದರೆ ಮೈಯನ್ನು ಗಮನಿಸಿ. ಹೆಗಲು, ಕುತ್ತಿಗೆ, ಕಣ್ಣು ಎಲ್ಲವೂ ಒಂದೊಂದು ಪಾತ್ರ ಮಾಡುತ್ತಿರುತ್ತವೆ.

ನಮಗೆ ಈ ಕಲೆ ತೀರ ಅಪರಿಚಿತವೇನಲ್ಲ. ‘ಲಂಚಾವತಾರ’ದ ನಡುವೆ ನಾಟಕದ ಮಾತು ಬಿಟ್ಟು ಅಂದಿನ ರಾಜಕಾರಣಿಗಳನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದ ಮಾಸ್ಟರ್ ಹಿರಣ್ಣಯ್ಯನವರನ್ನು ಕಂಡ ನಾಡು ನಮ್ಮದು. ಗಂಗಾವತಿ ಪ್ರಾಣೇಶ್ ಅವರ ಹಾಸ್ಯ ಸಂಜೆಗೆ ಊರೇ ಸೇರುವುದನ್ನೂ ನೋಡಿದ್ದೇವೆ. ಆದರೆ ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮ ಹಾಸ್ಯ ಭಾಷಣದಲ್ಲಿ ಬೀಚಿಯವರ ಮಾತನ್ನೋ ಎಲ್ಲೋ ಕೇಳಿದ ಪ್ರಸಂಗವನ್ನೋ ಭಾಷಣಕಾರರು ತಮ್ಮ ಧಾಟಿಯಲ್ಲಿ ಹೇಳಿದರೆ ಸಭೆ ಸಂತೋಷದಿಂದಲೇ ಒಪ್ಪುತ್ತದೆ. ಸ್ಟ್ಯಾಂಡಪ್‌ನಲ್ಲಿ ಇನ್ನೊಬ್ಬರ ಜೋಕು ಎತ್ತಿದವರಿಗೆ ಮರ್ಯಾದೆಯಿಲ್ಲ. ಹೇಳುವವರ ಬದುಕು, ಅವರ ಕಣ್ಣು, ಅವರ ಕೋಪವೇ ಅಲ್ಲಿ ಸರಕು. ಹಾಗಾಗಿ ನೋಡುವಾಗ ‘ಎಷ್ಟು ನಕ್ಕೆ’ ಎಂದು ಕೇಳಿಕೊಳ್ಳುವ ಬದಲು ‘ಇದನ್ನು ಇವರೇ ಯಾಕೆ ಹೇಳಬೇಕಿತ್ತು’ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಆ ಸ್ಪೆಷಲ್ ಎಷ್ಟೇ ನಗಿಸಿದರೂ ಮರುದಿನ ನೆನಪಿರುವುದಿಲ್ಲ.

ಕಟ್ಟುವ ಕೆಲಸವನ್ನು ಕಣ್ಣಾರೆ ನೋಡಲು ಜಾನ್ ಮಲೇನಿ ಅವರ ‘ಕಿಡ್ ಗಾರ್ಜಿಯಸ್’ (2018) ಒಳ್ಳೆಯ ಪಾಠ. ಆಸ್ಪತ್ರೆಯೊಳಗೆ ಕುದುರೆಯೊಂದು ನುಗ್ಗಿ ಅಡ್ಡಾಡುತ್ತಿದೆ ಎಂಬ ಕಲ್ಪನೆಯಲ್ಲಿ ಅವರು ಅಂದಿನ ಅಮೆರಿಕದ ಆಡಳಿತದ ಬಗ್ಗೆ ನಿಮಿಷಗಟ್ಟಲೆ ಮಾತಾಡುತ್ತಾರೆ, ಅಧ್ಯಕ್ಷರ ಹೆಸರನ್ನು ಒಂದು ಸಲವೂ ಎತ್ತುವುದಿಲ್ಲ. ಹೆಸರು ಹೇಳಿದ್ದರೆ ಅರ್ಧ ಸಭೆ ಚಪ್ಪಾಳೆ ತಟ್ಟುತ್ತಿತ್ತು, ಇನ್ನರ್ಧ ಮುಖ ಗಂಟಿಕ್ಕುತ್ತಿತ್ತು. ಹೇಳದೆ ಉಳಿಸಿಕೊಂಡಿದ್ದರಿಂದ ಎಲ್ಲರೂ ನಕ್ಕರು. ಹೀಗೆ ಬಿಟ್ಟ ಮಾತನ್ನು ಗುರುತಿಸಲು ಕಲಿತರೆ ಅರ್ಧ ರಸಿಕತೆ ಬಂದಂತೆಯೇ.

ಸಭೆಯನ್ನೂ ಕೇಳಿಸಿಕೊಳ್ಳಿ. ಎಷ್ಟೋ ಸ್ಪೆಷಲ್‌ಗಳನ್ನು ಒಂದಕ್ಕಿಂತ ಹೆಚ್ಚು ಪ್ರದರ್ಶನಗಳಲ್ಲಿ ಚಿತ್ರೀಕರಿಸಿ ಜೋಡಿಸಿರುತ್ತಾರೆ. ಕ್ಯಾಮೆರಾ ಪದೇ ಪದೇ ನಗುವವರ ಮುಖಕ್ಕೆ ಹೋಗುತ್ತಿದ್ದರೆ ನನಗೆ ಅನುಮಾನ ಶುರುವಾಗುತ್ತದೆ: ಮಾತಿಗಿಲ್ಲದ ಬಲವನ್ನು ಎಡಿಟಿಂಗ್ ತುಂಬುತ್ತಿರಬಹುದು. ಇದಕ್ಕೆ ವಿರುದ್ಧ ಜೆರಾಡ್ ಕಾರ್ಮೈಕಲ್ ಅವರ ‘ರಥಾನಿಯಲ್’ (2022). ನ್ಯೂಯಾರ್ಕಿನ ಬ್ಲೂ ನೋಟ್ ಜಾಝ್ ಕ್ಲಬ್ಬಿನಲ್ಲಿ ಕುರ್ಚಿ ಮೇಲೆ ಕೂತು, ತಾವು ಸಲಿಂಗಿ ಎಂಬುದನ್ನೂ ತಾಯಿಯೊಂದಿಗಿನ ಬಿರುಕನ್ನೂ ಅವರು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಾರೆ. ಸಭಿಕರು ನಡುನಡುವೆ ಪ್ರಶ್ನೆ ಕೇಳುತ್ತಾರೆ, ಸಮಾಧಾನ ಹೇಳುತ್ತಾರೆ. ಅಲ್ಲಿನ ಮೌನಗಳು ನಗೆಯಷ್ಟೇ ಮುಖ್ಯ. ಅದನ್ನು ನಿರ್ದೇಶಿಸಿದವರು ಬೋ ಬರ್ನಮ್. ಕೋವಿಡ್ ಕಾಲದಲ್ಲಿ ಸಭೆಯೇ ಇಲ್ಲದೆ, ಒಂದು ಕೋಣೆಯಲ್ಲಿ ಒಬ್ಬರೇ ‘ಇನ್‌ಸೈಡ್’ (2021) ಮಾಡಿದವರೂ ಅವರೇ.

ಧಾರಾವಾಹಿ ಬೇಕೆನ್ನುವವರಿಗೆ ‘ಫ್ಲೀಬ್ಯಾಗ್’ ಹೇಳುತ್ತೇನೆ. ಫೀಬಿ ವಾಲರ್-ಬ್ರಿಜ್ 2013ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಏಕವ್ಯಕ್ತಿ ಪ್ರಯೋಗವಾಗಿ ಆಡಿದ್ದು 2016ರಲ್ಲಿ ಟಿವಿಗೆ ಬಂತು. ಎರಡು ಸೀಸನ್, ಹನ್ನೆರಡೇ ಎಪಿಸೋಡು. ನಾಯಕಿ ಮಾತಿನ ನಡುವೆ ತಟ್ಟನೆ ನಮ್ಮತ್ತ ತಿರುಗಿ ಒಂದು ಮಾತು ಹೇಳಿ ಹೋಗುವುದು ವೇದಿಕೆಯಿಂದಲೇ ಬಂದ ರೂಢಿ. ಮೊದಲ ಸೀಸನ್‌ನಲ್ಲಿ ಅದು ಬರೀ ಚೇಷ್ಟೆಯೆನ್ನಿಸಬಹುದು. ಎರಡನೆಯದರಲ್ಲಿ ಅವಳು ಮನಸೋತ ಪಾದ್ರಿ, ಆ ಒಂದು ಕ್ಷಣ ಅವಳು ಎಲ್ಲಿಗೋ ಹೋಗಿಬರುತ್ತಾಳೆಂದು ಪತ್ತೆಹಚ್ಚುತ್ತಾನೆ. ಅಷ್ಟು ಹೊತ್ತು ಅವಳ ಗೆಳೆಯರಾಗಿದ್ದ ನಾವು ಅವಳು ಬಚ್ಚಿಟ್ಟುಕೊಳ್ಳುವ ಜಾಗವಾಗಿದ್ದೆವು ಎಂದು ಆಗ ಗೊತ್ತಾಗುತ್ತದೆ. ಇತ್ತೀಚಿನ ಟಿವಿ ಹಾಸ್ಯದಲ್ಲಿ ಇದಕ್ಕಿಂತ ಜಾಣ ತಿರುವನ್ನು ನಾನು ಕಂಡಿಲ್ಲ.

ಹಾನಾ ಗ್ಯಾಡ್ಸ್‌ಬಿ ಅವರ ‘ನ್ಯಾನೆಟ್’ (2018) ಅನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಟಾಸ್ಮೇನಿಯಾದವರಾದ ಅವರು ಸಿಡ್ನಿ ಒಪೆರಾ ಹೌಸಿನ ವೇದಿಕೆಯ ಮೇಲೆ, ಜೋಕು ಎಂದರೆ ಬಿಗಿತ ಹುಟ್ಟಿಸಿ ಅದನ್ನು ಸಡಿಲಿಸುವ ಕಲೆ ಎಂದು ವಿವರಿಸುತ್ತಾರೆ. ಆಮೇಲೆ ಸಡಿಲಿಸುವುದನ್ನೇ ನಿಲ್ಲಿಸುತ್ತಾರೆ. ಆರಂಭದಲ್ಲಿ ಬಸ್ ನಿಲ್ದಾಣದ ಪ್ರಸಂಗವೊಂದನ್ನು ಹೇಳಿ ನಗಿಸಿದವರು, ಆ ಜೋಕಿಗಾಗಿ ಕತ್ತರಿಸಿ ಎಸೆದಿದ್ದ ಉಳಿದ ಕಥೆಯನ್ನು ಕೊನೆಯಲ್ಲಿ ತೆರೆದಿಡುತ್ತಾರೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಇದು ಕಾಮಿಡಿಯೇ ಅಲ್ಲ ಎಂದವರೂ ಇದ್ದಾರೆ. ಕಾಮಿಡಿಯ ನಿಯಮಗಳನ್ನು ಇಷ್ಟು ಚೆನ್ನಾಗಿ ಬಲ್ಲವರಿಗೆ ಮಾತ್ರ ಅವನ್ನು ಹೀಗೆ ಮುರಿಯಲು ಸಾಧ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಮೊದಲು ಮಲೇನಿ, ಆಮೇಲೆ ಪ್ರಯರ್, ಫ್ಲೀಬ್ಯಾಗ್. ಕೊನೆಗೊಂದು ಬಿಡುವಾದ ಸಂಜೆ ಫೋನು ಪಕ್ಕಕ್ಕಿಟ್ಟು, ಸಬ್‌ಟೈಟಲ್ ಹಾಕಿಕೊಂಡು ‘ನ್ಯಾನೆಟ್’ ನೋಡಿ. ಆ ದಿನ ಇನ್ನೇನನ್ನೂ ನೋಡಬೇಡಿ.