ಬೆಟ್ಟದ ಮನೆಯ ವಚನ ಯಾರಿಗೆ ಹೇಳಿದ್ದು?

ಯುಗಾದಿ, ದೀಪಾವಳಿ ಕಾರ್ಯಕ್ರಮಗಳಲ್ಲಿ ನಮ್ಮ ಮಕ್ಕಳು ಹಾಡುವ ವಚನಗಳಲ್ಲಿ ಅಕ್ಕಮಹಾದೇವಿಯ ಬೆಟ್ಟದ ಮನೆಯ ವಚನಕ್ಕೆ ಮೊದಲ ಸ್ಥಾನವೆಂದರೆ ತಪ್ಪಾಗಲಾರದು. ಆದರೆ ಅದರ ಅರ್ಥ ಹೇಳುವವರು ಅನೇಕ ಸಲ ‘ಹೆಣ್ಣು ಸಹಿಸಿಕೊಂಡು ಹೋಗಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಗಂಡನ ಮನೆಯಲ್ಲಿ ನೊಂದ ಹುಡುಗಿಗೂ ಇದನ್ನೇ ಬುದ್ಧಿಮಾತಾಗಿ ಹೇಳುವುದುಂಟು. ವಚನ ಹೇಳುವುದು ಬೇರೆಯೇ ಮಾತು ಎಂದು ನನ್ನ ಅಭಿಪ್ರಾಯ.

ಹೇಳಿದವಳು ಯಾರೆಂದು ಮೊದಲು ನೋಡೋಣ. ಈಕೆ 12ನೇ ಶತಮಾನದ ಉಡುತಡಿಯ ತರುಣಿ. ರಾಜ ಕೌಶಿಕ ಅವಳನ್ನು ಬಯಸಿದ. ಮದುವೆ ನಡೆಯಿತೇ ಎಂಬುದರಲ್ಲಿ ಹಳೆಯ ಕವಿಗಳಿಗೇ ಒಮ್ಮತವಿಲ್ಲ. ಹರಿಹರನ ರಗಳೆಯಲ್ಲಿ ಅವಳು ಷರತ್ತು ಹಾಕಿ ಅರಮನೆಗೆ ಹೋಗುತ್ತಾಳೆ. ಅವನು ಮಾತಿಗೆ ತಪ್ಪಿದಾಗ ಎಲ್ಲವನ್ನೂ ಬಿಟ್ಟು ಹೊರಡುತ್ತಾಳೆ. ಹೀಗೆ ಹೊರಟುಬಂದವಳ ಮಾತು ‘ಅಲ್ಲೇ ಇರು’ ಎಂಬ ಉಪದೇಶವಾಗುವುದು ಹೇಗೆ?

ಇನ್ನು ವಚನದ ಒಳಗೆ ನೋಡಿ. ಬೆಟ್ಟ, ಕಡಲ ತಡಿ, ಸಂತೆ, ಈ ಮೂರು ಕಡೆಯೂ ಮನೆ ಮಾಡಿದವರು ತಾವೇ ಜಾಗ ಆರಿಸಿಕೊಂಡವರು. ಸಮಾಧಾನದಿಂದ ಎದುರಿಸಬೇಕಾದದ್ದು ಸ್ತುತಿ ಮತ್ತು ನಿಂದೆ. ಎರಡೂ ಲೋಕದ ನಾಲಿಗೆಯಿಂದ ಬರುವಂಥವು. ಹೊಡೆತವಾಗಲಿ ಬಲಾತ್ಕಾರವಾಗಲಿ ಅಲ್ಲಿಲ್ಲ. ಆದ್ದರಿಂದ ಇದು ಮನೆ ಬಿಟ್ಟು ಬಂದವಳಿಗೆ ಊರ ಮಾತಿನ ನಡುವೆ ಬದುಕಲು ಬೇಕಾದ ಧೈರ್ಯದ ವಚನ.

ಅಕ್ಕನ ವಚನಗಳೆಲ್ಲ ಸಮಾಧಾನದವೂ ಅಲ್ಲ. ಅವುಗಳಲ್ಲಿ ಹಸಿವಿದೆ, ವಿರಹವಿದೆ, ಗಿಳಿ ಕೋಗಿಲೆಗಳನ್ನು ಅಂಗಲಾಚುವ ಅಲೆದಾಟವಿದೆ. ಅವನ್ನು ಬಿಟ್ಟು ಇದೊಂದನ್ನೇ ಹಾಡಿಸಿದರೆ ಅಕ್ಕ ಬರೀ ಸಾಧು ಹುಡುಗಿಯಾಗಿ ಕಾಣುತ್ತಾಳೆ.

ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಆಘಾತದಿಂದ ಚೇತರಿಸಿಕೊಳ್ಳಲು ಮೂರು ಹಂತ ಹೇಳುತ್ತಾರೆ: ಮೊದಲು ಸುರಕ್ಷಿತ ನೆಲೆ, ಆಮೇಲೆ ನಡೆದದ್ದನ್ನು ನೆನೆದು ದುಃಖಿಸುವುದು, ಕೊನೆಗೆ ಮತ್ತೆ ಜನರೊಡನೆ ಬೆರೆಯುವುದು. ವಚನ ಕೇಸ್ ಶೀಟ್ ಅಲ್ಲ, ಅಕ್ಕನ ಹುಡುಕಾಟ ಭಕ್ತಿಯದು ಎಂಬುದನ್ನು ಮರೆಯಬಾರದು. ಆದರೂ ಶೂನ್ಯಸಂಪಾದನೆಯ ಕಲ್ಯಾಣದ ಪ್ರಸಂಗ ಓದುವಾಗ ಈ ಕೊನೆಯ ಹಂತ ನೆನಪಾಗುತ್ತದೆ. ಅಲ್ಲಿ ಅಲ್ಲಮ ಕಠಿಣ ಪ್ರಶ್ನೆಗಳನ್ನು ಹಾಕುತ್ತಾನೆ, ಅವಳು ತಲೆ ತಗ್ಗಿಸದೆ ಉತ್ತರಿಸುತ್ತಾಳೆ. ಶರಣರು ಕೇಳಿ, ಒಪ್ಪಿ, ತಮ್ಮವಳೆಂದು ಸೇರಿಸಿಕೊಳ್ಳುತ್ತಾರೆ. ವಯಸ್ಸಿನಲ್ಲಿ ಚಿಕ್ಕವಳಾದರೂ ಅವಳು ಎಲ್ಲರಿಗೂ ‘ಅಕ್ಕ’. ಗುಣವಾಗಲು ಹೇಳುವ ಬಾಯಿಯಷ್ಟೇ ಕೇಳುವ ಕಿವಿಯೂ ಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನಿನಂತೆ, ಏಟು ಬೀಳದಿದ್ದರೂ, ಮನೆಯವರನ್ನು ಪದೇ ಪದೇ ಹೆದರಿಸಿ ಹತೋಟಿಯಲ್ಲಿಟ್ಟುಕೊಳ್ಳುವುದು ಅಪರಾಧ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳಲ್ಲಿ ಬೆಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ಶಾಲೆಯಲ್ಲಿ ತಿಳಿದೀತು. ವಚನದ ಅರ್ಥವನ್ನು ಹೇಳಬೇಕಾದವರು ನಾವು. ಮುಂದಿನ ಸಲ ವೇದಿಕೆಗೆ ಕಳಿಸುವ ಮುಂಚೆ ಅಕ್ಕ ಅರಮನೆ ಬಿಟ್ಟು ಬಂದ ಕಥೆಯನ್ನೂ ಮಕ್ಕಳಿಗೆ ಹೇಳೋಣ. ಮುಂದೆಂದಾದರೂ ನಮ್ಮ ಮಗಳೇ ಬಾಗಿಲು ತಟ್ಟಿದರೆ, ಬುದ್ಧಿ ಹೇಳುವ ಮೊದಲು ಒಳಗೆ ಕರೆದು ಅವಳ ಮಾತು ಕೇಳೋಣ.