ಕೀಬೋರ್ಡಿನ ಸದ್ದಲ್ಲ, ಬುದ್ಧಿ ನೋಡಿ

ಮೆಕ್ಯಾನಿಕಲ್ ಕೀಬೋರ್ಡ್ ವಿಮರ್ಶೆ ಅಂತ ಯಾವ ವಿಡಿಯೋ ತೆರೆದರೂ ಮೊದಲು ಬರೋದು ಸದ್ದಿನ ವರ್ಣನೆ. ಟಕ್ ಅನ್ನುತ್ತೋ, ಟೊಕ್ ಅನ್ನುತ್ತೋ. ಆಮೇಲೆ ಬಣ್ಣದ ದೀಪ. ಲಿನಕ್ಸ್‌ನಲ್ಲಿ ಗೇಮ್ ಆಡುವವರಿಗೆ ಬೇಕಾದ ಪ್ರಶ್ನೆಯನ್ನ ಮಾತ್ರ ಯಾರೂ ಎತ್ತಲ್ಲ: ಈ ಕೀಬೋರ್ಡಿನ ಸೆಟ್ಟಿಂಗ್ ಇರೋದು ಎಲ್ಲಿ?

2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ತಂದ ಮೇಲೆ ಎಷ್ಟೋ ವಿಂಡೋಸ್ ಗೇಮ್‌ಗಳು ಲಿನಕ್ಸ್‌ನಲ್ಲಿ ಆರಾಮಾಗಿ ಓಡ್ತಿವೆ. ಆದರೆ ಗೇಮಿಂಗ್ ಅಂತ ಹಣೆಪಟ್ಟಿ ಹಚ್ಚಿಕೊಂಡ ಬಹಳಷ್ಟು ಕೀಬೋರ್ಡ್‌ಗಳ ಸಾಫ್ಟ್‌ವೇರ್ ಇನ್ನೂ ವಿಂಡೋಸಿಗೇ ಅಂಟಿಕೊಂಡಿದೆ. ದೀಪಗಳಿಗೆ ಓಪನ್‌ಆರ್‌ಜಿಬಿ ಇದೆ. ಕೀಲಿ ಬದಲಿಸೋಕೆ ಕೀಡಿ ಥರದ ಉಪಕರಣಗಳೂ ಇವೆ, ನಿಜ. ಆದರೆ ಆಗ ಬದಲಾವಣೆ ಇರೋದು ಕಂಪ್ಯೂಟರಿನಲ್ಲಿ. ಕೀಬೋರ್ಡ್ ಕಿತ್ತು ಇನ್ನೊಂದಕ್ಕೆ ಹಾಕಿದರೆ ಮತ್ತೆ ಮೊದಲಿಂದ ಶುರು.

ಅದಕ್ಕೇ ನನ್ನ ಓಟು ಕ್ಯೂಎಂಕೆಗೆ. ಇದು ಕೀಬೋರ್ಡಿನೊಳಗಿನ ಚಿಪ್ಪಿನಲ್ಲೇ ಕೂರುವ ಮುಕ್ತ ಫರ್ಮ್‌ವೇರ್. ಸಿ ಭಾಷೆಯಲ್ಲಿ ನೀವೇ ತಿದ್ದಿ ಬಿಲ್ಡ್ ಮಾಡಬಹುದು. ಅಷ್ಟು ಉಸಾಬರಿ ಬೇಡ ಅಂದ್ರೆ ವಯಾ ಇದೆ, ಕ್ರೋಮ್ ಬ್ರೌಸರಿನಲ್ಲೇ ಕೆಲಸ ಆಗುತ್ತೆ. ಲಿನಕ್ಸ್‌ನಲ್ಲಿ ಅದಕ್ಕೊಂದು ಯುಡೆವ್ ನಿಯಮ ಬರೆದು ಅನುಮತಿ ಕೊಡಬೇಕು. ಒಂದೇ ಸಾಲು ಸ್ವಾಮಿ, ಕೈಪಿಡಿಯಲ್ಲಿ ಅಚ್ಚು ಹಾಕಿದರೆ ಏನು ಗಂಟು ಹೋಗುತ್ತೆ?

ನಮ್ಮೂರಲ್ಲಿ ಸಂತೆಯಿಂದ ಗುದ್ದಲಿ ತಂದರೆ ಬರೋದು ಬರೀ ಕಬ್ಬಿಣ. ಕಾವು ನಾವೇ ಹಾಕ್ಕೋಬೇಕು, ನಮ್ಮ ಎತ್ತರಕ್ಕೆ, ನಮ್ಮ ಕೈಗೆ ತಕ್ಕಂತೆ. ಹಾಟ್‌ಸ್ವ್ಯಾಪ್ ಬೋರ್ಡುಗಳೂ ಹಾಗೇ. ಬೆಸುಗೆ ಇಲ್ಲ, ಸ್ವಿಚ್ ಕಿತ್ತು ಬೇರೆಯದನ್ನ ಒತ್ತಿದರಾಯ್ತು. ಚೆರ್ರಿ ಎಂಎಕ್ಸ್ ರೆಡ್ 2 ಮಿಲಿಮೀಟರ್ ಇಳಿದಾಗ ಕೆಲಸ ಮಾಡುತ್ತೆ, ನಡುವೆ ತಡೆ ಇಲ್ಲ, ಗೇಮಿಗೆ ಹಿತ. ಬ್ಲೂ ಬೇಕಾದರೆ ತಗೊಳ್ಳಿ, ಆದರೆ ಪೀಜಿಯಲ್ಲಿ ರೂಮ್‌ಮೇಟ್ ಇದ್ದರೆ ಬೇಡ.

ಇನ್ನು 8000 ಹರ್ಟ್ಜ್ ಪೋಲಿಂಗ್ ಅನ್ನೋ ಜಾಹೀರಾತು. 1000 ಹರ್ಟ್ಜ್ ಅಂದರೆ 1 ಮಿಲಿಸೆಕೆಂಡಿಗೊಮ್ಮೆ ವರದಿ. 8000 ಆದರೆ 0.125. ನಿಮ್ಮದು 60 ಹರ್ಟ್ಜ್ ಮಾನಿಟರ್ ಆದರೆ ಅದು ಚಿತ್ರ ಬದಲಿಸೋದೇ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಆ ದುಡ್ಡನ್ನ ಮಾನಿಟರಿಗೆ ಹಾಕಿ.

ಕ್ಯೂಎಂಕೆಯ ಅಸಲಿ ಲಾಭ ಇರೋದು ಲೇಯರ್‌ಗಳಲ್ಲಿ. ಕೋಡ್ ಬರೆಯುವ ಕೆಲವರು ಎ, ಎಸ್, ಡಿ, ಎಫ್ ಕೀಲಿಗಳನ್ನ ಒತ್ತಿ ಹಿಡಿದರೆ ಸೂಪರ್, ಆಲ್ಟ್, ಕಂಟ್ರೋಲ್, ಶಿಫ್ಟ್ ಆಗುವಂತೆ ಮಾಡ್ಕೊಂಡಿರ್ತಾರೆ. ಕಿರುಬೆರಳಿಗೆ ಸುಖ. ಅದೇ ಲೇಯರಿನಲ್ಲಿ ಗೇಮಿಗಿಳಿದು ಎಡಕ್ಕೆ ಓಡೋಕೆ ಎ ಹಿಡಿದರೆ ಆಟಗಾರ ನಿಂತಲ್ಲೇ ಕಂಬ, ಕೈ ಬಿಟ್ಟರೆ ಡೆಸ್ಕ್‌ಟಾಪ್ ಮೆನು ಪ್ರತ್ಯಕ್ಷ! ಹಾಗಾಗಿ ಗೇಮಿಗೇ ಬೇರೆ ಲೇಯರ್ ಇಡಿ, ಅಲ್ಲಿ ಎ ಬರೀ ಎ ಆಗಿರಲಿ, ಸೂಪರ್ ಕೀಲಿ ಸತ್ತಿರಲಿ.

ಕನ್ನಡ ಟೈಪ್ ಮಾಡುವವರಿಗೆ ಮೂರನೇ ಲೇಯರೂ ಬೇಕು. ಕಗಪ ವಿನ್ಯಾಸ ಲಿನಕ್ಸ್‌ನಲ್ಲೇ ಸಿಗುತ್ತೆ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಆ ಎಫ್ ಮೇಲೆ ಶಿಫ್ಟನ್ನೂ ಕೂರಿಸಿದ್ದರೆ, ವೇಗವಾಗಿ ಬರೆಯುವಾಗ ‘ಅಕ್ಕ’ ಹೋಗಿ ‘ಅಕಖ’ ಬಂದು ಕೂರುತ್ತೆ.