ಹಿನ್ನೆಲೆ ಇಲ್ಲದ ಕಡ್ಡಿ ಗೊಂಬೆಗಳು

ಬೆಂಗಳೂರಿನ ರಚಿತಾ ತನೇಜಾ 2014ರಲ್ಲಿ ಶುರು ಮಾಡಿದ ‘ಸ್ಯಾನಿಟರಿ ಪ್ಯಾನೆಲ್ಸ್’ ವೆಬ್‌ಕಾಮಿಕ್‌ನಲ್ಲಿ ಇರೋದು ಬರೀ ಕಡ್ಡಿ ಗೊಂಬೆಗಳು. ಚಿತ್ರ ಚೆಂದ ಇದ್ದರೇನೇ ಕಾಮಿಕ್ ಅನ್ನೋ ಭ್ರಮೆಯನ್ನು ಅವು ಒಡೆದವು. 2020ರಲ್ಲಿ ನ್ಯಾಯಾಂಗ ನಿಂದನೆಯ ನೋಟಿಸ್ ಬಂದದ್ದೂ ಇಂಥ ಗೆರೆಗಳಿಗೇ.

ಆದರೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಕೂತು ಓದುವಾಗ ಒಂದು ಕೊರತೆ ಕಾಣುತ್ತೆ: ಗೊಂಬೆಗಳ ಹಿಂದೆ ಹೆಚ್ಚಾಗಿ ಊರೇ ಇರಲ್ಲ. ಕಿಟಕಿಯಾಚೆ ಸೈನೈಡ್ ದಿಬ್ಬಗಳು. 2001ರಲ್ಲಿ ಮುಚ್ಚಿದ ಗಣಿ. ಮೂರು ಕಿಲೋಮೀಟರ್ ಆಳಕ್ಕೆ ಇಳಿದವರು ಬಹುಪಾಲು ತಮಿಳು ದಲಿತರು. ಸಿಲಿಕಾ ಧೂಳು ಎಷ್ಟೋ ಜನರ ಶ್ವಾಸಕೋಶ ತಿಂದಿತು. ಕಡ್ಡಿ ಗೊಂಬೆಗೆ ಜಾತಿ ಬಗ್ಗೆ ಮಾತಾಡೋಕೆ ಬರುತ್ತೆ, ಕೆಮ್ಮೋಕೆ ಬರಲ್ಲ. ನಾಳೆ ಕೆಜಿಎಫ್‌ನ ಕಾಮಿಕ್ ಬಿಡಿಸೋರು ರಚಿತಾರಿಂದ ಧೈರ್ಯ ತಗೊಳ್ಳಲಿ. ಎದೆಗೂಡನ್ನು ಮಾತ್ರ ತಾವೇ ಬಿಡಿಸಲಿ.